ಮಹೇಶ್ವರಿ ತುಂಬದ ಉಡಿ

ಮಹೇಶ್ವರಿಯ ಕೆಲಸ ಏನೆಂಬುದು ಬನವಾಸಿ ಕಡೆಯ ಅವಳ ನೆಂಟರಿಗೆ ಹದಿನಾಲ್ಕು ವರ್ಷವಾದರೂ ತಿಳಿದಿಲ್ಲ. ಹುಚ್ಚರ ಡಾಕ್ಟರ್ ಎನ್ನುವವರಿದ್ದಾರೆ, ಪೊಲೀಸ್ ಎನ್ನುವವರಿದ್ದಾರೆ. ಅವಳು ಅಪರಾಧ ಪ್ರಕರಣಗಳ ಮನಶ್ಶಾಸ್ತ್ರಜ್ಞೆ. ಒಮ್ಮೆ ಕೈ ಎತ್ತಿದವನು ಮತ್ತೆ ಎತ್ತುತ್ತಾನೆಯೇ, ಎತ್ತಿದರೆ ಯಾರ ಮೇಲೆ ಎಂದು ಅಳೆದು ನ್ಯಾಯಾಲಯಕ್ಕೆ ವರದಿ ಕೊಡುತ್ತಾಳೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ಬಸ್ಸಿನಲ್ಲಿ ಸುತ್ತುವುದೇ ಆಯಿತು. ಮುಂದಾಗುವುದನ್ನು ಜ್ಯೋತಿಷಿ ಹೇಳಿದರೆ ಫಲತಾಂಬೂಲ ಕೊಟ್ಟು ಕಾಲಿಗೆ ಬೀಳುವ ಜನ, ಇವಳು ಹೇಳಿದರೆ ಮಾತ್ರ "ಅದ್ಹೆಂಗ ಗೊತ್ತಾಕ್ಕತಿ ನಿನಗ?" ಎನ್ನುತ್ತಾರೆ.

ಅವಳ ಚೀಲದಲ್ಲಿ ಹೆಂಡತಿಗೆ ಹೊಡೆದವನ ಬಗ್ಗೆ ಕೇಳುವ ಪ್ರಶ್ನೆಗಳ ಒಂದು ಪಟ್ಟಿಯಿದೆ. ಕುತ್ತಿಗೆ ಹಿಸುಕಿದ್ದನೇ? ಬಿಟ್ಟು ಹೋಗುತ್ತೇನೆ ಎಂದಾಗ ಬೆದರಿಸಿದ್ದನೇ? ಹೆಂಡತಿಗೆ ಅವನ ಭಯ ಇದೆಯೇ? ನಮ್ಮ ಹಿರಿಯರ ಬಳಿಯೂ ಪಟ್ಟಿ ಇದೆ, ಇನ್ನೂ ಚಿಕ್ಕದು. ಕುಡಿಯುತ್ತಾನೋ? ಇಲ್ಲ. ಮಠಕ್ಕೆ ಹೋಗುತ್ತಾನೋ? ಹೌದು. ಹಾಗಾದರೆ ಹೆಣ್ಣಿಗೆ ಉಡಿ ತುಂಬಿ ಗಂಡನ ಮನೆಗೆ ಕಳಿಸಿ. ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ಸೆರಗಿಗೆ ಬಿದ್ದರೆ ಬಾಸುಂಡೆಯೆಲ್ಲ ಮಾಯ. ಇಂಥ ಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿದೆ?

ಇಷ್ಟೆಲ್ಲ ಬಲ್ಲ ಮಹೇಶ್ವರಿ ಸ್ವಂತ ಮನೆಯಲ್ಲಿ ಏನು ಮಾಡಿದಳು ಗೊತ್ತೇ? ಹೋದ ವರ್ಷ ಅವಳ ತಮ್ಮ ವಿನೋದ ಹೆಂಡತಿ ದಿವ್ಯಾಳಿಗೆ ಹೊಡೆದ. ದಿವ್ಯಾ ಇಡಗುಂದಿಯ ತವರು ಸೇರಿದಳು. ರಾಜಿ ಮಾಡಿಸಿ ಕರೆತರುವಾಗ ಗಂಡನ ಅಕ್ಕನೇ ಉಡಿ ತುಂಬಬೇಕೆಂಬುದು ಅವರ ಮನೆಯ ಪದ್ಧತಿ. ಕಂಡವರ ಗಂಡಂದಿರನ್ನು ಎರಡೆರಡು ದಿನ ಕೂರಿಸಿ ಪ್ರಶ್ನಿಸುವವಳು ದಿವ್ಯಾಳನ್ನು ಒಂದು ಮಾತೂ ಕೇಳಲಿಲ್ಲ. "ನಮ್ಮ ವಿನೋದ ಅಂಥಾಂವಲ್ಲ" ಎಂದು ಉಡಿ ತುಂಬಿ ಜೀಪು ಹತ್ತಿಸಿದಳು. ಪಟ್ಟಿ ಚೀಲದಲ್ಲೇ ಇತ್ತು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಎಂಟು ತಿಂಗಳಿಗೆ ವಿನೋದ ದಿವ್ಯಾಳ ಕುತ್ತಿಗೆ ಹಿಸುಕಿದ. ಅವಳು ಉಳಿದದ್ದು ಪಕ್ಕದ ಮನೆಯ ಗಂಗಾ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದದ್ದರಿಂದ. ದಿವ್ಯಾ ಮತ್ತೆ ತವರಿಗೆ ಹೋದಳು.

ಮೊನ್ನೆ ಇಡಗುಂದಿಯಲ್ಲಿ ಅದೇ ಪಡಸಾಲೆ, ಅದೇ ಹಿರಿಯರು, ಅದೇ ಚಹಾ. ಮಧ್ಯಸ್ಥಿಕೆಗೆ ಬಂದಿದ್ದ ನಾಗಪ್ಪ, "ಹುಡುಗ ತಪ್ಪಾತು ಅಂದಾನ. ಇನ್ನ ಮುಗಸ್ರಿ" ಎಂದರು. ತಪ್ಪಾಯಿತು ಎಂದ ಹುಡುಗನಿಗೆ ಮೂವತ್ತಾರು ವರ್ಷ, ಮೂಲೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದ. ಅವನ ತಾಯಿ ಶಾರದವ್ವ ಅಕ್ಕಿಯ ಮೊರವನ್ನು ಮಗಳು ಮಹೇಶ್ವರಿಯ ಕೈಗಿಟ್ಟು, "ಲಗೂನ ತುಂಬವ್ವ" ಎಂದಳು.

ಮಹೇಶ್ವರಿ ಮೊರ ಹಿಡಿದುಕೊಂಡೇ ದಿವ್ಯಾಳನ್ನು ಕೇಳಿದಳು. "ನಿನಗ ಅಂವನ ಅಂಜಿಕಿ ಐತೇನು?"

ಅಷ್ಟು ಜನರಿದ್ದ ಪಡಸಾಲೆಯಲ್ಲಿ ದಿವ್ಯಾಳನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು.

"ಹೋದ ಸಲಾನೂ ಇತ್ರಿ ಅಕ್ಕಾರ," ಎಂದಳು ದಿವ್ಯಾ. "ನೀವು ಕೇಳಲಿಲ್ಲ."

ಮಹೇಶ್ವರಿ ಮೊರವನ್ನು ನೆಲಕ್ಕಿಟ್ಟಳು.

"ಮನಿ ಮರ್ಯಾದಿ ಕಳೀಬ್ಯಾಡ!" ಶಾರದವ್ವ ಗದರಿದಳು.

"ಈ ಅಕ್ಕೀಲೆ ಅನ್ನಾ ಮಾಡಬೇ. ಹಿರ್ಯಾರು ಉಂಡು ಹೋಗ್ಲಿ. ದಿವ್ಯಾ ಬರಂಗಿಲ್ಲ" ಎಂದಳು ಮಹೇಶ್ವರಿ.

ಹಿರಿಯರಿಗೆ ಹಸಿವಿರಲಿಲ್ಲ. ಜೀಪು ವಿನೋದನನ್ನಷ್ಟೇ ಕೂರಿಸಿಕೊಂಡು ಹೋಯಿತು.

ಮರುದಿನ ಮಹೇಶ್ವರಿ ದಿವ್ಯಾಳ ಜೊತೆ ಠಾಣೆಗೆ ಹೋಗಿ, ಆರೋಪಿಯ ಅಕ್ಕನಾಗಿ ಹೇಳಿಕೆ ಬರೆದುಕೊಟ್ಟಳು. ಅದರ ಮೊದಲ ಸಾಲು ಹೀಗಿತ್ತು: ಹೋದ ವರ್ಷ ಇವಳಿಗೆ ಉಡಿ ತುಂಬಿ ಅವನ ಮನೆಗೆ ಕಳಿಸಿದವಳು ನಾನು.