ಅರಸ ಮರೆತ ಬೆಲ್ಲ-ನೀರು

ಕನ್ನಡ ನಾಡು ಒಂದಾದ ಹೊಸತರಲ್ಲಿ, ಮೈಸೂರಿನವನಾದ ನನಗೆ ಬೆಳ್ತಂಗಡಿ ಕಡೆಯ ಶಾಲೆಗೆ ವರ್ಗವಾಯಿತು. ವಾರ್ಷಿಕೋತ್ಸವಕ್ಕೆ ನಾಟಕ ಬರೆದೆ. ಅರಸನ ಪಾತ್ರದವನಿಗೆ ಜ್ವರ ಬಂದು ಕಿರೀಟ ನನ್ನ ತಲೆಗೇ ಬಿತ್ತು.

ದೂತನಾಗಿದ್ದವಳು ಐಸಮ್ಮ, ಹಾಜರಿ ಕರೆದರೂ ಬಾಯಿ ಬಿಡದ ಹುಡುಗಿ. ಆದರೆ ಕೂತಲ್ಲೇ ಮಾತು ಕಟ್ಟಿ ವಾದಿಸುವ ತಾಳಮದ್ದಳೆ ಕೇಳಿ ಬೆಳೆದವರು ಬರೆದ ಮಾತಿಗೆ ಕಾಯುತ್ತಾರೆಯೇ? ರಂಗಕ್ಕೆ ಬಂದವಳೇ ಸುತ್ತ ನೋಡಿ, "ಅರಸರೇ, ಬಿಸಿಲಲ್ಲಿ ಬಂದವರಿಗೆ ಬೆಲ್ಲ-ನೀರು ಕೊಡುವ ಕ್ರಮ ನಿಮ್ಮಲ್ಲಿ ಇಲ್ಲವಾ?" ಎಂದು ಕೇಳಿಬಿಟ್ಟಳು.

ನಾನೂ ಬರೆದದ್ದನ್ನು ಬಿಟ್ಟು, "ತಪ್ಪಾಯ್ತಮ್ಮ, ಈ ಊರಿಗೆ ಹೊಸಬ" ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು.

ಮರುದಿನ ಹಾಜರಿಗೆ ಐಸಮ್ಮನ ದನಿ ಅಂಗಳಕ್ಕೂ ಕೇಳಿಸಿತು. ನಾನು ಯಾವ ಮನೆಗೆ ಹೋದರೂ ಬೆಲ್ಲ-ನೀರು ಮೊದಲು ಬರತೊಡಗಿತು: "ಕುಡಿಯಿರಿ, ಅರಸರೇ!" ಮತ್ತೆ 'ಮಾಸ್ಟ್ರೇ' ಅನ್ನಿಸಿಕೊಳ್ಳಲು ನಾನು ಆ ಊರನ್ನೇ ಬಿಡಬೇಕಾಯಿತು.