ಅಂಚಿನ ಮೊಹರು

ಮುದ್ರಣಾಲಯದಲ್ಲಿ ಅವಳನ್ನು ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಅಂಚೆಚೀಟಿ ಅಚ್ಚಾಗುವ ಆ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ಇಪ್ಪತ್ತು ಹೆಂಗಸರು ಎದುರುಬದುರು ಕೂತು ಹಾಳೆ ಮಗುಚುತ್ತಿದ್ದರು. ಒಂದು ಹಾಳೆಗೆ ನೂರು ಚೀಟಿ. ಬಣ್ಣ ಚೆಲ್ಲಿದ್ದರೆ, ತೂತಿನ ಸಾಲು ಸರಿದಿದ್ದರೆ ಹಾಳೆ ಬುಟ್ಟಿಗೆ. ಸರಿಯಿದ್ದರೆ ಕೆಳಗಿನ ಖಾಲಿ ಅಂಚಿಗೆ ಅವರವರ ನಂಬರಿನ ಮೊಹರು. ಅವಳದು ಹದಿನೇಳು. ಹದಿನೇಳರ ಕೈಯಿಂದ ಒಂದೇ ಒಂದು ತಪ್ಪು ಹಾಳೆ ದಾಟಿಲ್ಲ ಎಂದು ಮೇಲ್ವಿಚಾರಕ ಹೊಸಬರಿಗೆಲ್ಲ ಹೇಳುತ್ತಿದ್ದ. ಕೇಳಿ ಕೇಳಿ ಅವಳೂ ಅದನ್ನು ನಂಬಿಬಿಟ್ಟಿದ್ದಳು.

ಎದುರು ಮೇಜಿನವಳು ಸೂಜಿ. ಮೈಕಟ್ಟು ನೋಡಿ ಇಟ್ಟ ಹೆಸರು. ಬಾಯಿ ಮಾತ್ರ ಸೂಜಿಯಲ್ಲ, ಹತ್ತಿ. ಅವಳ ಮೊಹರು ಹದಿನಾಲ್ಕು. ಇಬ್ಬರಿಗೂ ಒಂದೇ ಬಸ್ಸು, ಒಂದೇ ಡಬ್ಬಿಯ ಊಟ, ಮೇಲ್ವಿಚಾರಕನ ಮೀಸೆಯ ಬಗ್ಗೆ ಒಂದೇ ನಗು.

ಮೂವತ್ತೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಭೂತಗನ್ನಡಿಯ ಮಗುವಿಗೆ ಜ್ವರ ಏರಿದೆ ಎಂದು ಪಕ್ಕದ ಮನೆಯವರು ಹೇಳಿಕಳಿಸಿದರು. ಮುಂದೆ ಇನ್ನೂ ಎರಡು ಕಟ್ಟು ಇದ್ದವು. ಹೊಳೆ ದಾಟುವ ದೋಣಿಯ ಚೀಟಿ ಅದು: ದೋಣಿ ಮತ್ತು ಅಂಬಿಗ ಕಪ್ಪಿನಲ್ಲಿ, ನೀರು ನೀಲಿಯಲ್ಲಿ. ಅವಳು ಹಾಳೆಗಳ ಮೂಲೆ ಮಾತ್ರ ಎತ್ತಿ, ಕಪ್ಪು ಕಂಡರೆ ಸಾಕೆಂದು ಮೊಹರು ಒತ್ತುತ್ತಾ ಹೋದಳು. ಪಳಗಿದ ಕೈಯವರು ಮಾತ್ರ ಮಾಡುವ ಕಳ್ಳತನ ಇದು. ಹೊಸಬರಿಗೆ ಇಷ್ಟು ಧೈರ್ಯ ಬರುವುದಿಲ್ಲ. ಅವುಗಳಲ್ಲಿ ಒಂದು ಹಾಳೆ ಇನ್ನೊಂದರ ಬೆನ್ನಿಗೆ ಅಂಟಿಕೊಂಡೇ ನೀಲಿ ಬಣ್ಣ ಒತ್ತುವ ಯಂತ್ರವನ್ನು ದಾಟಿತ್ತು. ಅದರ ನೂರು ದೋಣಿಗೂ ನೀರಿರಲಿಲ್ಲ. ಗೆಳತಿ ಬೇಗ ಹೊರಟದ್ದು ಯಾರಿಗೂ ಗೊತ್ತಾಗದಿರಲೆಂದು ಸೂಜಿ ಆ ಎರಡು ಕಟ್ಟುಗಳನ್ನೂ ತನ್ನವೆಂದೇ ಪುಸ್ತಕದಲ್ಲಿ ಬರೆಸಿ ಒಪ್ಪಿಸಿದಳು.

ಕೆಲವೇ ದಿನಗಳಲ್ಲಿ ನೀರಿಲ್ಲದ ದೋಣಿ ಪತ್ರಿಕೆಗೆ ಬಂತು, ವಿಚಾರಣೆ ಶುರುವಾಯಿತು. ಅಂಚೆ ಕಚೇರಿಗಳಲ್ಲಿ ಅಂಚುಗಳನ್ನೆಲ್ಲ ಹರಿದು ಕಸಕ್ಕೆ ಹಾಕಿಯಾಗಿದೆ ಎಂದುಕೊಂಡರು. ಉಳಿದದ್ದು ಪುಸ್ತಕ, ಪುಸ್ತಕದಲ್ಲಿದ್ದದ್ದು ಹದಿನಾಲ್ಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ವಿಚಿತ್ರವೆಂದರೆ ಎಮ್ಮೆ ಬಾಯಿ ತೆರೆಯಲೇ ಇಲ್ಲ. ಗೆಳತಿಯ ಎರಡು ಕಟ್ಟು ತನ್ನ ಲೆಕ್ಕಕ್ಕೆ ಸೇರಿದ್ದು ಸೂಜಿಗೆ ನೆನಪಿತ್ತು, ಆದರೆ ಭೂತಗನ್ನಡಿ ತಪ್ಪು ಬಿಡುವವಳಲ್ಲ, ಬಿಟ್ಟಿದ್ದರೆ ಬಿಟ್ಟವಳು ತಾನೇ ಎಂದು ಅವಳು ಪ್ರಾಮಾಣಿಕವಾಗಿ ನಂಬಿದಳು.

ವಿಚಾರಣೆ ಇನ್ನೂ ನಡೆಯುತ್ತಿದ್ದಾಗ ಭೂತಗನ್ನಡಿ ಅಣ್ಣನಿಗೆ ಕಾಗದ ಹಾಕಲು ಅಂಚೆ ಕಚೇರಿಗೆ ಹೋಗಿದ್ದಳು. ಗುಮಾಸ್ತ ಯಾವುದೋ ಹಾಳೆಯ ಕೊನೆಯ ನಾಲ್ಕು ಚೀಟಿ ಅಂಚಿನ ಸಮೇತ ಹರಿದು ಕೊಟ್ಟ. ನಾಲ್ಕು ದೋಣಿ, ನಾಲ್ಕು ಅಂಬಿಗರು, ಹನಿ ನೀರಿಲ್ಲ. ಕೆಳಗೆ ಅಚ್ಚುಕಟ್ಟಾಗಿ ಹದಿನೇಳು. ನಾಳೆ ಹೇಳುತ್ತೇನೆ ಎಂದುಕೊಂಡು ಅದನ್ನು ಸೀರೆಗಳ ಕೆಳಗಿನ ತಗಡಿನ ಡಬ್ಬಿಯಲ್ಲಿಟ್ಟಳು. ಗಂಡನಿಗೆ ಆಗ ಕೆಲಸವಿರಲಿಲ್ಲ. ಮರುದಿನವೂ ನಾಳೆ ಎಂದುಕೊಂಡಳು. ಅದರ ಮರುದಿನ ಸೂಜಿಯನ್ನು ಕೆಲಸದಿಂದ ತೆಗೆದರು. ಇಲ್ಲಿ ಕೂತು ನ್ಯಾಯ ಹೇಳುವುದು ನಮಗೆ ಸುಲಭ, ಆದರೂ ಹೇಳಿಯೇ ಬಿಡುತ್ತೇನೆ: ಅದು ಹೇಡಿತನ.

ಆಮೇಲೆ ಸೂಜಿ ತನ್ನ ಕಣ್ಣನ್ನು ನಂಬುವುದನ್ನೇ ಬಿಟ್ಟಳು. ಭೂತಗನ್ನಡಿಯೇ ಓಡಾಡಿ ಒಬ್ಬ ದರ್ಜಿಯ ಹತ್ತಿರ ಅವಳಿಗೆ ಗುಂಡಿ ಹೊಲಿಯುವ ಕೆಲಸ ಕೊಡಿಸಿದಳು. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದ ಅವಳನ್ನು ದರ್ಜಿ ಕನಿಕರಕ್ಕೆ ಇಟ್ಟುಕೊಂಡ, ಅಂಗಡಿಯ ಮೇಲಿನ ಕೋಣೆಯನ್ನೂ ಕೊಟ್ಟ. ಔಷಧಿ ಚೀಟಿ, ಬಸ್ಸಿನ ನಂಬರು, ಗಡಿಯಾರದ ಮುಳ್ಳು ಎಲ್ಲಕ್ಕೂ ಇನ್ನೊಬ್ಬರ ಸಾಕ್ಷಿ ಬೇಕು. ಭೂತಗನ್ನಡಿ ಪ್ರತಿ ಭಾನುವಾರ ಹಣ್ಣು ಹಿಡಿದು ಹೋಗುತ್ತಿದ್ದಳು. ಒಡಹುಟ್ಟಿದವರೂ ಹೀಗೆ ನೋಡಿಕೊಳ್ಳುವುದಿಲ್ಲ ಎಂದು ಸೂಜಿ ಬಂದವರ ಮುಂದೆಲ್ಲ ಹೊಗಳುತ್ತಿದ್ದಳು, ಇವಳು ಅದನ್ನು ಕೇಳುತ್ತಾ ಕೂತಿರಬೇಕಿತ್ತು. ಮನೆಗೆ ಬಂದರೆ ಪೇಪರ್ ಓದುವಾಗಲೂ ಭೂತಗನ್ನಡಿಯ ಕಣ್ಣು ಮೊದಲು ಹೋಗುವುದು ಕೆಳಗಿನ ಅಂಚಿಗೆ. ಹಾಡುಹಗಲಲ್ಲಿ, ಒಗೆದ ಬಟ್ಟೆ ಮಡಚುತ್ತಿದ್ದಾಗ, ಬೆನ್ನ ಹಿಂದೆ ಯಾರೋ ಮೊಹರು ಒತ್ತಿದ ಸದ್ದು ಕೇಳುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಗಂಡ ಸತ್ತ, ಮಗಳ ಮದುವೆಯಾಯಿತು, ಸದ್ದು ಹೋಗಲಿಲ್ಲ.

ಕಳೆದ ತಿಂಗಳು ಯಾವುದೋ ಪತ್ರ ಹುಡುಕುತ್ತಿದ್ದ ಅಳಿಯನ ಕೈಗೆ ಡಬ್ಬಿ ಸಿಕ್ಕಿತು. ಅವನು ಹಳೆ ಅಂಚೆಚೀಟಿಯ ಒಬ್ಬ ವ್ಯಾಪಾರಿಯನ್ನು ಕರೆತಂದ. ಮಗಳು ಅಳಿಯನ ಜೊತೆ ಅವಳಿದ್ದ ಬಾಡಿಗೆಯ ಎರಡು ಕೋಣೆಯನ್ನು ಮನೆಯೊಡೆಯ ಮಾರಲು ಹೊರಟಿದ್ದ; ತಾವೇ ಕೊಳ್ಳಬೇಕು, ಇಲ್ಲವೇ ಮೂರು ತಿಂಗಳಲ್ಲಿ ಬಿಡಬೇಕು. ವ್ಯಾಪಾರಿ ಮಸೂರ ಹಿಡಿದು ಅಂಚನ್ನೇ ಎರಡು ಸಲ ನೋಡಿದ.

"ಅಂಚು ಇರೋ ದೋಣಿ ಬೇರೆಲ್ಲೂ ಇಲ್ಲಮ್ಮ. ಅಂಚಿಗೇ ಬೆಲೆ," ಎಂದ. "ನಮ್ಮ ಪುಸ್ತಕದಲ್ಲೆಲ್ಲ ಇದಕ್ಕೆ ಹದಿನಾಲ್ಕರ ತಪ್ಪು ಅಂತಲೇ ಹೆಸರು. ಇಲ್ಲಿ ನೋಡಿದ್ರೆ ಹದಿನೇಳಿದೆ. ಯಾರೋ ಪಾಪದೋಳು ಹೊತ್ಕೊಂಡಿದಾಳೆ."

ಅಂಚು ಕತ್ತರಿಸಿ ಕೊಟ್ಟರೆ ಎಂದು ಅವಳು ಕೇಳಿದಳು. ಮೂರರಲ್ಲೊಂದು ಪಾಲೂ ಬರುವುದಿಲ್ಲ, ಆ ಹಣಕ್ಕೆ ಒಂದು ಗೋಡೆಯೂ ಸಿಗುವುದಿಲ್ಲ ಎಂದು ಅಳಿಯ ಗೊಣಗಿದ. ಸಮೇತ ಕೊಟ್ಟರೆ ಫೋಟೋ, ಕಥೆ ಎರಡೂ ಅಚ್ಚಾಗುತ್ತವೆ ಎಂದ ವ್ಯಾಪಾರಿ. ಒಂದು ವಾರ ಅದು ನುಂಗಲಾರದ, ಉಗುಳಲಾರದ ಬಿಸಿ ತುತ್ತಾಯಿತು. ಒಮ್ಮೆ ಕತ್ತರಿಯನ್ನು ಅಂಚಿನ ತನಕ ತಂದೇಬಿಟ್ಟಳು. ಇದ್ದ ಒಂದೇ ಸಾಕ್ಷಿ ಅದು. ಕತ್ತರಿಸಿದರೆ ಹದಿನಾಲ್ಕು ಎಂದೆಂದಿಗೂ ಹದಿನಾಲ್ಕಾಗಿಯೇ ಉಳಿಯುತ್ತಿತ್ತು. "ಅಮ್ಮ, ನಿಂಗೇನಾಗಿದೆ?" ಎಂದು ಮಗಳು ಕೈಯಿಂದ ಕತ್ತರಿ ಕಿತ್ತುಕೊಂಡಳು.

ಭಾನುವಾರ ಹಣ್ಣಿನ ಬದಲು ಡಬ್ಬಿ ಹಿಡಿದು ಹೋದಳು. ಕೆಳಗೆ ದರ್ಜಿಯ ಯಂತ್ರ ಓಡುತ್ತಿತ್ತು. ಸೂಜಿ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ನಂಬರ್ ಏನೋ ಕಾಣುತ್ತೆ. ನನ್ನ ಕಣ್ಣು ನೆಚ್ಚೋ ಹಾಗಿಲ್ಲ. ನೀನೇ ಓದೇ."

"ಹದಿನೇಳು."

"ಇನ್ನೊಂದ್ಸಲ ನೋಡು."

"ಹದಿನೇಳೇ ಕಣೆ. ನಂದು."

ಸೂಜಿ ಮಂಚದ ಮೇಲೆ ಕೂತಳು. ಅತ್ತಿದ್ದರೂ, ಬೈದಿದ್ದರೂ, ಹೊಡೆದಿದ್ದರೂ ತಡೆದುಕೊಳ್ಳಬಹುದಿತ್ತು. ಅವಳು ಕೇಳಿದ್ದು ಒಂದೇ ಮಾತು.

"ಇದು ನಿಂಗೆ ಸಿಕ್ಕಿದ್ದು ನನ್ನ ಕೆಲಸ ಹೋಗೋಕೆ ಮುಂಚೆನಾ, ಆಮೇಲಾ?"

ಆಮೇಲೆ ಎಂದಿದ್ದರೆ ನಡೆಯುತ್ತಿತ್ತು. ಕೇಳಲು ಗುಮಾಸ್ತನಿಲ್ಲ, ಗಂಡನಿಲ್ಲ, ಬೇರೆ ಯಾವ ಸಾಕ್ಷಿಯೂ ಇಲ್ಲ. ಸ್ನೇಹವೂ ಉಳಿಯುತ್ತಿತ್ತೇನೋ. ಭೂತಗನ್ನಡಿಗೆ ಆ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ಮುಂಚೆ. ಎರಡು ದಿನ ಮುಂಚೆ."

ಸೂಜಿ ಚೀಟಿಯನ್ನು ಬೆರಳಿನ ಗುರುತು ಬೀಳದಂತೆ ಹಿಡಿದು ವಾಪಸು ಕೊಟ್ಟಳು. ಅಂಚು ಕತ್ತರಿಸದೆ ಮಾರಬೇಕೆಂದಳು, ದುಡ್ಡಿನಲ್ಲಿ ತನಗೇನೂ ಬೇಡವೆಂದಳು. ಇನ್ನು ಈ ಮೆಟ್ಟಿಲು ಹತ್ತಬೇಡ ಎಂದದ್ದನ್ನೂ ಅಷ್ಟೇ ಮೆತ್ತಗೆ ಹೇಳಿದಳು. ಭೂತಗನ್ನಡಿ ಬಾಗಿಲ ತನಕ ಹೋಗಿದ್ದಾಗ ಹಿಂದಿನಿಂದ ಮತ್ತೆ ದನಿ ಬಂತು.

"ನಂಗೂ ಮೊದಲೇ ಹದಿನೇಳು ಅಂತಾನೇ ಕಂಡಿತ್ತು."

ದೋಣಿ ಆ ವಾರವೇ ಅಂಚಿನ ಸಮೇತ ಮಾರಾಟವಾಯಿತು. ಹದಿನೇಳು ಯಾರೆಂದು ವ್ಯಾಪಾರಿ ಕೇಳಿದಾಗ ಅವಳು ತನ್ನ ಹೆಸರು ಬರೆಸಿ, ಹದಿನಾಲ್ಕರ ಮೇಲೆ ತಪ್ಪಿಲ್ಲವೆಂದೂ ಬರೆಸಿ, ಅದು ಅಚ್ಚಾಗುವುದಾದರೆ ಮಾತ್ರ ಚೀಟಿ ಕೊಡುವುದಾಗಿ ಹಟ ಹಿಡಿದಳು. ಮನೆ ಮಗಳ ಹೆಸರಿಗಾಯಿತು. ಭಾನುವಾರ ಬೆಳಿಗ್ಗೆ ಅವಳು ಈಗಲೂ ಸೀರೆ ಬದಲಿಸಿ ಸಿದ್ಧಳಾಗುತ್ತಾಳೆ. ಚಪ್ಪಲಿಗೆ ಕಾಲು ಹಾಕುವಾಗ ನೆನಪಾಗಿ, ಅಲ್ಲೇ ಹೊಸ್ತಿಲ ಬಳಿ ಕೂತುಬಿಡುತ್ತಾಳೆ.