ದಾರದ ಗೋಡೆಗಳು

ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ ಸ್ಟೂಲ್ ಹಾಕಿಕೊಂಡು ಆರು ತಿಂಗಳು ಕೆಲಸ ಮಾಡಿದವಳು ನಾನು. ಆಸ್ಪತ್ರೆಗಳಿಗೆ ಫೋನಿನಲ್ಲಿ ದುಭಾಷಿ. ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ಇಂಗ್ಲಿಷ್ ಬಾರದ ನಮ್ಮ ಕಡೆಯ ಯಾರದೋ ಅಜ್ಜಿ. ಅವರ ಮಾತು ಮೂರನೆಯವರ ಕಿವಿಗೆ ಬೀಳಬಾರದು. ಕೊರೋನಾ ಬಂದು ಎಲ್ಲರೂ ಮನೆಯಲ್ಲೇ ಉಳಿದ ಮೇಲೆ ಅಮೆರಿಕದ ನಮ್ಮ ಸೆಂಟರ್‌ವಿಲ್ ಮನೆಯಲ್ಲಿ ನಾನು ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಆ ಮೆಷಿನ್ನಿನ ಕೋಣೆಯೊಂದೇ. ಅಲ್ಲಿಗೂ ಗಂಡ ತಲೆ ಹಾಕಿ, "ನನ್ನ ಬ್ಲೂ ಶರ್ಟ್ ಡ್ರೈ ಆಯ್ತಾ?" ಅನ್ನುತ್ತಿದ್ದ.

ಸಾಕಾಗಿ ಹೋಯಿತು. ಹಿತ್ತಲಲ್ಲಿ ನನಗೇ ಅಂತ ಒಂದು ಕೋಣೆ ಕಟ್ಟಿಸಿಯೇ ಸೈ ಅಂದೆ.

ತಗೋ, ಹುಟ್ಟುವ ಮೊದಲೇ ಕೋಣೆ ಪಾಲಾಯಿತು! ಗಂಡನಿಗೆ ಗೆಸ್ಟ್‌ಗಳು ಬಂದರೆ ಮಲಗಿಸಲು ಸೋಫಾ ಬೆಡ್ ಬೇಕು. ಅತ್ತೆಗೆ ಒಂದು ಮೂಲೆಯಲ್ಲಿ ದೇವರು. ಮಗಳಿಗೆ ಟ್ರೆಡ್‌ಮಿಲ್. ಬೆಂಗಳೂರಿನ ಮೈದುನ ವಿಡಿಯೋ ಕಾಲಿನಲ್ಲೇ ಹಿತ್ತಲು ನೋಡಿ ವಾಸ್ತು ಹೇಳಿದ: "ಅತ್ತಿಗೆ, ಈಶಾನ್ಯದಲ್ಲಿ ಅಷ್ಟು ದೊಡ್ಡ ಮರ ಇರ್ಬಾರ್ದು. ಮೊದ್ಲು ಅದನ್ನ ಕಡ್ಸಿ." ಅದು ಹಳೆಯ ಓಕ್ ಮರ. ಈ ಬಡಾವಣೆಗೂ ಮೊದಲಿನಿಂದ ಅಲ್ಲಿದ್ದದ್ದು.

ಇಲ್ಲೇ ಹತ್ತಿರದ ಕೊಲಂಬಿಯಾ ಊರಿನಲ್ಲಿರುವ ಗೆಳತಿಯ ಮನೆಗೆ ಕೆಲಸ ಮಾಡಿಕೊಟ್ಟಿದ್ದ ಜಪಾನಿನ ಆರ್ಕಿಟೆಕ್ಟ್ ಒಬ್ಬರನ್ನು ಕರೆಸಿದೆ. ಐವತ್ತರ ಆಸುಪಾಸು, ಮಾತು ಕಡಿಮೆ. ಬಂದವರು ಒಂದು ಗೆರೆಯನ್ನೂ ಎಳೆಯಲಿಲ್ಲ. ಮರದ ತೊಗಟೆ ಮುಟ್ಟುತ್ತಾ ಸುತ್ತು ಹಾಕಿದರು. ಬೇರು ಎಲ್ಲಿಯವರೆಗೆ ಹೋಗಿದೆ ಅಂತ ಸಣ್ಣ ಕಂಬಿಯಿಂದ ನೆಲ ಚುಚ್ಚಿ ನೋಡಿದರು. ಕೊನೆಗೆ ನಾಲ್ಕು ಗೂಟ ಹೊಡೆದು, ಸುತ್ತ ಬಿಳಿ ದಾರ ಕಟ್ಟಿ, ಇದೇ ನಿಮ್ಮ ಕೋಣೆ ಅಂದರು. ಚಳಿಗಾಲ ಮುಗಿಯುವವರೆಗೆ ನಾನು ದಿನಾ ಅದರೊಳಗೆ ಸ್ವಲ್ಪ ಹೊತ್ತು ಕೂರಬೇಕಂತೆ. ಬಿಸಿಲು, ಗಾಳಿ, ಸದ್ದು ಎಲ್ಲ ಬರೆದಿಡಬೇಕಂತೆ. ಆ ಜಾಗದಲ್ಲಿ ಮರ ಏನೇನು ಮಾಡುತ್ತದೆ ಅಂತ ಗೊತ್ತಾದ ಮೇಲೆ ಅವರು ಪೆನ್ಸಿಲ್ ಹಿಡಿಯುತ್ತಾರಂತೆ.

ಇದೆಂಥ ಕರ್ಮವಪ್ಪಾ ಅನ್ನಿಸಿತು. ಆದರೂ ಕೋಟು, ಟೋಪಿ ಹಾಕಿಕೊಂಡು ಕೂತೆ. ಅತ್ತೆ ಕಿಟಕಿಯಿಂದಲೇ, "ತಲೆಗಿಲೆ ಕೆಟ್ಟಿದ್ಯಾ ನಿಂಗೆ? ಅಕ್ಕಪಕ್ಕದವ್ರು ಏನಂದ್ಕೋತಾರೆ?" ಅಂತ ಕೂಗುತ್ತಿದ್ದರು.

"ಅಂದ್ಕೊಳ್ಲಿ ಬಿಡಿ ಅತ್ತೆ!"

ಎಲೆ ಉದುರಿದ ಮೇಲೆ ಬಿಸಿಲು ಮಡಿಲವರೆಗೂ ಬರುತ್ತಿತ್ತು. ಮಳೆ ನಿಂತ ಮೇಲೂ ಮರ ಬಹಳ ಹೊತ್ತು ತೊಟ್ಟಿಕ್ಕುತ್ತಿತ್ತು. ಇದನ್ನೆಲ್ಲ ಬರೆದೆ. ಬರೆಯದೆ ಬಿಟ್ಟದ್ದು ಒಂದಿದೆ. ಏನಾದರೂ ಕೇಳಲು ಬಂದ ಗಂಡ ದಾರದ ಹತ್ತಿರ ನಿಲ್ಲುತ್ತಿದ್ದ, ದಾಟುತ್ತಿರಲಿಲ್ಲ. ಅದು ನನಗೆ ಬಹಳ ಖುಷಿ ಕೊಡುತ್ತಿತ್ತು.

ಮಾರ್ಚಿನಲ್ಲಿ ಆರ್ಕಿಟೆಕ್ಟ್ ಬಂದು ನಾನು ಬರೆದದ್ದನ್ನು ಒಂದಕ್ಷರ ಬಿಡದೆ ಓದಿದರು. ಆಮೇಲೆ ಗೂಟ ಕಿತ್ತರು. ಬೇರಿಗೆ ಪೆಟ್ಟಾಗುತ್ತದೆ ಅಂತ ಒಂದು ಕಡೆಯ ದಾರದ ಗೋಡೆಯನ್ನು ಒಳಕ್ಕೆ ತಂದು ಮತ್ತೆ ಗೂಟ ಹೊಡೆದರು. ಮಳೆನೀರು ಮರಕ್ಕೆ ಹೋಗಲಿ ಅಂತ ಇನ್ನೊಂದನ್ನೂ ತಂದರು. ಕೋಣೆ ಅರ್ಧಕ್ಕರ್ಧ ಆಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಇಡೀ ಚಳಿಗಾಲ ನಡುಗಿದ್ದು ಇದಕ್ಕಾ? ಹಾಗಾದರೆ ಮರವನ್ನೇ ಕಡಿಸುತ್ತೇನೆ ಅಂದುಬಿಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರು ದನಿ ಏರಿಸಲಿಲ್ಲ. ಕಡಿಸುವುದಾದರೆ ಬೇರೆ ಆರ್ಕಿಟೆಕ್ಟ್ ನೋಡಿಕೊಳ್ಳಿ, ಅದಕ್ಕೂ ಮೊದಲು ನಿಮ್ಮ ಮೇಜನ್ನು ದಾರದೊಳಗೆ ಒಮ್ಮೆ ಇಟ್ಟು ನೋಡಿ ಅಂತ ಹೇಳಿ ಹೊರಟರು.

ಮಗಳ ಕೈಲಿ ಒಂದು ತುದಿ ಹಿಡಿಸಿ ಮೇಜು ತಂದಿಟ್ಟೆ. ಹಿಡಿಯಿತು. ಕುರ್ಚಿಯೂ ಹಿಡಿಯಿತು. ಆಮೇಲೆ ಸೋಫಾ ಬೆಡ್‌ಗೆ ಜಾಗ ಸಾಕಾ ಅಂತ ಟೇಪ್ ಹಿಡಿದು ಅಳೆದೆ, ಹಿಡಿಯಲಿಲ್ಲ. ಟ್ರೆಡ್‌ಮಿಲ್‌ಗೆ ಅಳೆದೆ, ಅದೂ ಹಿಡಿಯಲಿಲ್ಲ. "ದೆನ್ ವೇರ್ ವಿಲ್ ಇಟ್ ಗೋ, ಅಮ್ಮಾ?" ಅಂದಳು ಮಗಳು. ನನಗೆ ನಗು ತಡೆಯಲಾಗಲಿಲ್ಲ.

ನಾನು ಕಡಿಸುತ್ತೇನೆ ಅಂದದ್ದು ಗಂಡನ ಕಿವಿಗೂ ಬಿದ್ದಿತ್ತು, ಅವನಿಗೆ ಅಷ್ಟೇ ಸಾಕಾಗಿತ್ತು. ಮಾರನೆಯ ದಿನ ಬೆಳಿಗ್ಗೆ ಅವನು ಕರೆಸಿದ್ದ ಮರ ಕಡಿಯುವವರ ಟ್ರಕ್ ಮನೆ ಮುಂದೆ ಬಂದು ನಿಂತಿತು. ಹಿತ್ತಲಿಗೆ ಓಡಿ ಮರಕ್ಕೆ ಬೆನ್ನು ಕೊಟ್ಟು ನಿಂತೆ. ಮರ ಮುಟ್ಟಬೇಡಿ, ವಾಪಸ್ ಹೋಗಿ ಅಂದೆ. ಬಂದವರು ಗಂಡನ ಮುಖ ನೋಡಿದರು.

"ಏನೇ ಇದು? ನೀನೇ ತಾನೇ ಕಡ್ಸೋಣ ಅಂದಿದ್ದು? ಮರ ಹೋದ್ರೆ ಎಷ್ಟು ದೊಡ್ಡ ರೂಮ್ ಬರುತ್ತೆ ಗೊತ್ತಾ? ಈ ದಾರದೊಳ್ಗೆ ಇನ್ನೊಬ್ರು ಬಂದು ನಿಂತ್ಕೊಳ್ಳೋಕೂ ಆಗಲ್ಲ!"

"ಆಗಲ್ಲ," ಅಂದೆ. "ಅದಕ್ಕೇ ಮರ ಇರ್ಲಿ ಅಂತಿರೋದು."